ಡಾಕ್ಟರ ಮುಂದೆ ಬಾಯಿಬಿಟ್ಟದ್ದು

ಜಯಲಕ್ಷ್ಮಿಪುರಂನ ಆ ಕ್ಲಿನಿಕ್ಕಿಗೆ ಮೊದಲ ಸಲ ಹೋದಾಗ ನಾನು ಸುಳ್ಳು ಹೇಳಿ ಬಂದೆ. ಬಾಗಿಲ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸು ಹೆಸರು, ವಯಸ್ಸು ಕೇಳಿ, ಆಮೇಲೆ ಎಲ್ಲರಿಗೂ ಕೇಳಿಸುವಂತೆ ಏನು ತೊಂದರೆ ಎಂದರು. ಬೆಂಚಿನ ಮೇಲೆ ನಮ್ಮ ಬೀದಿಯ ಹಾಲಿನ ಬೂತಿನವರು ಕೂತಿದ್ದರು. ಅವರ ಪಕ್ಕದಲ್ಲಿ ಒಬ್ಬ ನಿವೃತ್ತ ಮೇಷ್ಟರು. ಅವರ ಮಗಳ ಲಗ್ನಪತ್ರಿಕೆಯನ್ನು ನಾನೇ ಅಚ್ಚು ಹಾಕಿಕೊಟ್ಟಿದ್ದೆ. ನಾನು ಗ್ಯಾಸ್ಟ್ರಿಕ್ ಎಂದುಬಿಟ್ಟೆ. ಒಳಗೆ ಹೋದ ಮೇಲೂ ಅದನ್ನೇ ಹೇಳಿದೆ. ಯಾಕೆಂದರೆ ಒಳಗಿದ್ದವರು ನಾನು ಎಣಿಸಿಕೊಂಡು ಹೋಗಿದ್ದ ವಯಸ್ಸಾದ ಡಾಕ್ಟರಲ್ಲ, ಅವರ ಮಗಳು. ತಂದೆ ಮಂಡಿನೋವಿನಿಂದ ಬರುವುದನ್ನು ನಿಲ್ಲಿಸಿ ವರ್ಷವಾಗಿತ್ತಂತೆ. ಈಕೆಗೆ ನಲವತ್ತರ ಆಸುಪಾಸು. ಕುತ್ತಿಗೆಗೆ ಸ್ಟೆತಸ್ಕೋಪು, ಮೂಗಿನ ಮೇಲೆ ಜಾರುವ ಕನ್ನಡಕ, ಗಂಭೀರವಾದ ಮುಖ.

ಆಕೆ ನನ್ನ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. ರಾತ್ರಿ ಊಟ ತಡವಾಗುತ್ತದೆಯೇ, ಎಷ್ಟು ಕಾಫಿ ಕುಡಿಯುತ್ತೀರಿ ಎಂದೆಲ್ಲ ವಿಚಾರಿಸಿದರು. ಬಿಪಿ ಸ್ವಲ್ಪ ಜಾಸ್ತಿ ಇದೆ, ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು. ನಾನು ಏಳುವಾಗ, ಬೇರೆ ಏನಾದರೂ ಹೇಳುವುದಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಮನೆಗೆ ಬಂದು, ಇಲ್ಲದ ಗ್ಯಾಸ್ಟ್ರಿಕ್ಕಿಗೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುತ್ತಾ ಕಾಲ ಕಳೆದೆ. ರಕ್ತಪರೀಕ್ಷೆಗೆ ಹೋಗಲಿಲ್ಲ. ಹೊಟ್ಟೆ ಸರಿಯಾಗಿಯೇ ಇದೆ ಎಂಬುದು ನನಗೆ ಗೊತ್ತಿತ್ತಲ್ಲ.

ಸರಿಯಿಲ್ಲದೆ ಹೋಗಿದ್ದದ್ದು ಬೇರೆ. ಐವತ್ತು ದಾಟಿದ ಮೇಲೆ, ನಿಧಾನವಾಗಿ, ಹೆಂಡತಿಯ ಜೊತೆ ಕೂಡುವುದು ನನ್ನಿಂದ ಆಗದಾಗಿತ್ತು. ಮೊದಮೊದಲು ಆಯಾಸ ಎಂದುಕೊಂಡೆ. ಮದುವೆ ಸೀಜನ್ನಿನಲ್ಲಿ ಪ್ರೆಸ್ಸಿನ ಕೆಲಸ ಹೊತ್ತುಗೊತ್ತಿಲ್ಲದೆ ಇರುತ್ತದೆ, ಅದಕ್ಕೇ ಇರಬೇಕು ಎಂದುಕೊಂಡೆ. ಸೀಜನ್ ಮುಗಿದರೂ ಅದೇ ಆಯಿತು. ಆಸೆ ಇರುತ್ತಿತ್ತು, ಮೈ ಮಾತು ಕೇಳುತ್ತಿರಲಿಲ್ಲ. ಎರಡು ಮೂರು ಸಲ ಹಾಗಾದ ಮೇಲೆ ಮತ್ತೆ ಹಾಗಾದರೆ ಎಂಬ ಭಯವೇ ಮುಂದೆ ಬಂದು ಕೂತುಕೊಳ್ಳುತ್ತಿತ್ತು. ಆಮೇಲೆ ನಾನೇ ದೂರ ಸರಿದೆ. ಬೇಗ ಮಲಗುವುದು, ಇಲ್ಲವೇ ಟಿವಿ ಮುಂದೆ ಕೂತು ಅವಳು ನಿದ್ದೆ ಹೋಗುವವರೆಗೆ ಕಾಯುವುದು. ಇದನ್ನು ಯಾರ ಹತ್ತಿರ ಹೇಳಬೇಕೋ ತಿಳಿಯಲಿಲ್ಲ.

ನಮ್ಮದು ಇಲವಾಲದ ಕಡೆಯ ಬೇಸಾಯದ ಮನೆ. ಅಣ್ಣ ಹೊಲ ನೋಡಿಕೊಂಡು ಊರಿನಲ್ಲೇ ಉಳಿದ. ನಾನು ಓದು ಮುಗಿಸಿ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಕೆಲಸ ಕಲಿತು, ಮನೆಯ ಮುಂದಿನ ಕೋಣೆಯಲ್ಲೇ ನನ್ನದೇ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ಹಾಕಿಕೊಂಡೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಕರಪತ್ರ ನಮ್ಮ ದಿನದ ಕೆಲಸ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ನನ್ನ ಹೆಂಡತಿ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಒತ್ತಕ್ಷರ ಬಿಟ್ಟುಹೋಗಿದೆ, ಮಾವನ ಹೆಸರು ಮೇಲೆ ಬರಬೇಕು ಎಂದು ಮಾತಾಡಿಕೊಂಡೇ ಇರುತ್ತೇವೆ. ಒಬ್ಬಳೇ ಮಗಳು ಮದುವೆಯಾಗಿ ಹಾಸನದಲ್ಲಿದ್ದಾಳೆ. ಮನೆಯಲ್ಲಿ ಇಬ್ಬರೇ. ಮಾತಿಗೆ ಬರ ಇರಲಿಲ್ಲ, ಈ ಒಂದು ಮಾತು ಮಾತ್ರ ನಮ್ಮಿಬ್ಬರ ನಡುವೆ ಎಂದೂ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಎಲ್ಲ ಕತ್ತಲಲ್ಲಿ, ಸದ್ದಿಲ್ಲದೆ, ತಾನಾಗಿ ನಡೆದುಕೊಂಡು ಬಂದದ್ದು.

ನಾವು ಅಚ್ಚು ಹಾಕುತ್ತಿದ್ದ ಕರಪತ್ರಗಳಲ್ಲಿ ಒಬ್ಬ ವೈದ್ಯರದೂ ಇತ್ತು. ಅವರು ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿಗೆ ತಿಂಗಳಿಗೊಮ್ಮೆ ಬಂದು ಕೂತು, ಗಂಡಸರ ಗುಪ್ತರೋಗಗಳಿಗೆ ಔಷಧಿ ಕೊಡುತ್ತಿದ್ದರು. ನರದೌರ್ಬಲ್ಯ, ಧಾತುನಷ್ಟ, ಶೀಘ್ರಸ್ಖಲನ, ಎಲ್ಲಕ್ಕೂ ಖಚಿತ ಪರಿಹಾರ ಎಂದು ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ಹಾಕಿಕೊಡುತ್ತಿದ್ದೆವು. ಹೆಂಡತಿ ಅದನ್ನು ಟೈಪ್ ಮಾಡುವಾಗ ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ, ನಾನು ಪ್ರೂಫ್ ತಿದ್ದುವಾಗಲೂ ಅಷ್ಟೆ. ಕೊನೆಗೆ ಒಂದು ದಿನ, ಬೇರೆ ದಾರಿ ಕಾಣದೆ, ನಾನೇ ಆ ಲಾಡ್ಜಿಗೆ ಹೋದೆ. ಕರಪತ್ರ ತೆಗೆದುಕೊಂಡು ಹೋಗುತ್ತಿದ್ದವನು ಅವರ ಕಡೆಯ ಒಬ್ಬ ಆಳಾದ್ದರಿಂದ ವೈದ್ಯರಿಗೆ ನನ್ನ ಮುಖ ಪರಿಚಯ ಇರಲಿಲ್ಲ.

ಅವರು ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಹುಡುಗನಾಗಿದ್ದಾಗ ಕೆಟ್ಟ ಅಭ್ಯಾಸ ಇತ್ತಲ್ಲವೇ ಎಂದು ಒಂದೇ ಪ್ರಶ್ನೆ ಕೇಳಿದರು. ಹುಡುಗನಾಗಿದ್ದಾಗ ಹುಣಸೂರು ರಸ್ತೆಯ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದಿರುತ್ತಿದ್ದ ಜಾಹೀರಾತುಗಳಿಂದ ನಾನು ಕಲಿತದ್ದೂ ಅದೇ ಆಗಿತ್ತು. ಒಂದು ಹನಿ ಹೋದರೆ ಇಷ್ಟು ರಕ್ತ ಹೋದ ಹಾಗೆ, ಮುಂದೆ ಸಂಸಾರಕ್ಕೆ ಉಪಯೋಗವಿಲ್ಲದವನಾಗುತ್ತೀಯ ಎಂದು. ಆ ಭಯ ಹೋಗಿದೆ ಎಂದುಕೊಂಡಿದ್ದೆ. ಎಲ್ಲೂ ಹೋಗಿರಲಿಲ್ಲ. ವೈದ್ಯರು ಹಾಲಿನಲ್ಲಿ ಕಲಸಿ ಕುಡಿಯಲು ಒಂದು ಕಂದು ಪುಡಿ ಕೊಟ್ಟರು. ಅದನ್ನು ಕುಡಿದ ದಿನ ಮೈ ಬಿಸಿಯಾಗಿ ಬೆವರು ಹರಿಯಿತು, ತಲೆ ಸಿಡಿಯಿತು, ಉಪಯೋಗ ಏನೂ ಆಗಲಿಲ್ಲ. ಆಮೇಲೆಯೇ ನಾನು ಜಯಲಕ್ಷ್ಮಿಪುರಂನ ಕ್ಲಿನಿಕ್ಕಿಗೆ ಹೋಗಿ ಗ್ಯಾಸ್ಟ್ರಿಕ್ ಎಂದು ಹೇಳಿ ಬಂದದ್ದು.

ಹೀಗೇ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ, ಮಾತು ತೆಗೆದವಳು ನನ್ನ ಹೆಂಡತಿ. ಅವರೆಕಾಯಿ ಕಾಲ. ಭಾನುವಾರ ಮಧ್ಯಾಹ್ನ ತಾರಸಿಯ ಬಿಸಿಲಿನಲ್ಲಿ ಚಾಪೆ ಹಾಕಿಕೊಂಡು ಇಬ್ಬರೂ ನೆನೆಹಾಕಿದ ಕಾಳಿನ ಸಿಪ್ಪೆ ಹಿಸುಕುತ್ತಿದ್ದೆವು. ಅವಳು ಪಾತ್ರೆಯಿಂದ ಕಣ್ಣೆತ್ತದೆ ಕೇಳಿದಳು.

"ರೀ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ನಿಮಗೆ ಸಾಕಾಗ್ಬುಟ್ಟಿದೀನಾ?"

ಅವಳು ಈ ಒಂದೂವರೆ ವರ್ಷ ಏನು ಅಂದುಕೊಂಡು ಮಲಗುತ್ತಿದ್ದಳು ಎಂಬುದು ಆ ಕ್ಷಣಕ್ಕೆ ಮೊದಲು ನನ್ನ ಮನಸ್ಸಿಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಕಷ್ಟ ನನ್ನೊಬ್ಬನದೇ ಎಂದುಕೊಂಡಿದ್ದೆ. ಕಾಳು ಕೈಯಲ್ಲೇ ಉಳಿಯಿತು.

"ಅದಲ್ಲ ಕಣೆ," ಎಂದೆ. "ನನ್ನ ಕೈಲಿ ಆಗ್ತಿಲ್ಲ."

ಅವಳು ಕಣ್ಣೆತ್ತಿ ನನ್ನ ಮುಖ ನೋಡಿದಳು. ಆಮೇಲೆ, "ಅಷ್ಟೇನಾ?" ಎಂದಳು. ಆ ಮಾತಿನಲ್ಲಿ ಇದ್ದ ನಿರಾಳ ನೋಡಿ ನನಗೆ ಒಂದು ಕಡೆ ಕೋಪ, ಒಂದು ಕಡೆ ನಗು. ಇಷ್ಟು ದಿನ ನನ್ನನ್ನು ಕೊರೆದು ತಿಂದ ಸಂಗತಿ ಅವಳಿಗೆ ಅಷ್ಟೇ ಆಗಿತ್ತು. ನನಗೆ ಬೇರೆ ಯಾರೋ ಇದ್ದಾರೆ ಎಂದು, ಇಲ್ಲವೇ ಮುಟ್ಟು ನಿಂತ ಮೇಲೆ ಅವಳೇ ನನಗೆ ಬೇಡವಾಗಿದ್ದಾಳೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದಳಂತೆ. ನಾನು ಲಾಡ್ಜಿನ ವೈದ್ಯರ ವಿಷಯ, ಪುಡಿಯ ವಿಷಯ, ಕೊನೆಗೆ ಗ್ಯಾಸ್ಟ್ರಿಕ್ಕಿನ ವಿಷಯ ಎಲ್ಲ ಹೇಳಿದೆ. ಗ್ಯಾಸ್ಟ್ರಿಕ್ ಮಾತ್ರೆಯ ಕಥೆ ಕೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ತನ್ನ ಗಂಡನಿಗೆ ಹೊಟ್ಟೆಹುಣ್ಣು ಎಂದು ಸಾರಿಗೆ ಖಾರ ಕಡಿಮೆ ಮಾಡಿದ್ದಳಂತೆ. ನನಗೆ ಅದೂ ಗೊತ್ತಾಗಿರಲಿಲ್ಲ. ಅದೇ ಡಾಕ್ಟರ ಹತ್ತಿರ ಹೋಗಿ ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿ ಎಂದಳು. ಅವರು ಹೆಂಗಸು ಎಂದೆ. ಹೆಂಗಸಾದರೆ ಏನಂತೆ, ಮಗಳ ಹೆರಿಗೆ ಮಾಡಿಸಿದ್ದು ಗಂಡಸು ಡಾಕ್ಟರಲ್ಲವೇ ಎಂದಳು.

ಮಾರನೆಯ ವಾರ ಸ್ಕೂಟರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನಾನು ಹುಡುಕಿದ್ದು ಒಂದು ಮಾತನ್ನು. ಊರಿನಲ್ಲಿ ಕಲಿತ ಮಾತುಗಳೆಲ್ಲ ಬೈಗುಳ. ಅವನ್ನು ಒಬ್ಬ ಹೆಣ್ಣುಮಗಳ ಮುಂದೆ, ಅದೂ ಡಾಕ್ಟರ ಮುಂದೆ ಆಡುವುದು ಹೇಗೆ. ಪ್ರೆಸ್ಸಿನಲ್ಲಿ ಕಲಿತ ಮಾತುಗಳೆಲ್ಲ ಆ ಹಳದಿ ಕರಪತ್ರದ ಸಂಸ್ಕೃತ. ಅವು ಬಾಯಲ್ಲಿ ಬಂದರೆ ನನಗೇ ನಗು ಬರುತ್ತಿತ್ತು. ಇಂಗ್ಲಿಷ್ ಮಾತುಗಳನ್ನು ಸರಿಯಾಗಿ ಹೇಳುತ್ತೇನೆ ಎಂಬ ಧೈರ್ಯ ಇರಲಿಲ್ಲ. ಮೂವತ್ತು ವರ್ಷ ಅಕ್ಷರದ ಕೆಲಸ ಮಾಡಿದವನಿಗೆ ತನ್ನ ಮೈಯ ಒಂದು ತೊಂದರೆ ಹೇಳಲು ಮಾತಿಲ್ಲ.

ಬಾಗಿಲ ಬಳಿಯ ಹೆಂಗಸು ಏನು ತೊಂದರೆ ಎಂದು ಕೇಳಿದಾಗ, ಡಾಕ್ಟರ ಹತ್ತಿರವೇ ಹೇಳುತ್ತೇನಮ್ಮ ಎಂದೆ. ಆಗಲಿ ಎಂದು ಅವರು ಮುಂದಿನವರನ್ನು ಕರೆದರು. ಅಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲ ಸಲವೇ ಹಾಗೆ ಹೇಳುತ್ತಿದ್ದೆ.

ಒಳಗೆ ಕೂತ ಮೇಲೆ, "ಮೇಡಂ, ಹೋದ ಸಲ ನಾನು ಹೇಳಿದ್ದು ನಿಜ ಅಲ್ಲ," ಎಂದೆ. ಆಕೆ ಬರೆಯುತ್ತಿದ್ದ ಪೆನ್ನು ಮುಚ್ಚಿಟ್ಟು, ಎದ್ದು ಹೋಗಿ ಅರ್ಧ ತೆರೆದಿದ್ದ ಬಾಗಿಲನ್ನು ಹಾಕಿಕೊಂಡು ಬಂದರು. ನಿಧಾನವಾಗಿ ಹೇಳಿ ಎಂದರು. ನಾನು ಗಂಡ ಹೆಂಡಿರ ವಿಷಯ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಾ ಕೂತೆ.

ಆಕೆ ನನ್ನನ್ನು ಕಾಯಿಸಲಿಲ್ಲ. "ಆಸೆಯೇ ಬರಲ್ವಾ, ಆಸೆ ಬಂದ್ರೂ ಗಟ್ಟಿಯಾಗಲ್ವಾ, ಗಟ್ಟಿಯಾದ್ರೂ ನಿಲ್ಲಲ್ವಾ? ಮೂರೂ ಬೇರೆ ಬೇರೆ ಸರ್, ಅದಕ್ಕೇ ಕೇಳ್ತಿದೀನಿ."

ಗಟ್ಟಿ. ನಮ್ಮಮ್ಮ ಮುದ್ದೆಗೆ, ಮೊಸರಿಗೆ, ಮಣ್ಣಿಗೆ ಬಳಸುತ್ತಿದ್ದ ಮಾತು. ದಾರಿಯುದ್ದಕ್ಕೂ ಹುಡುಕಿದರೂ ಅದು ನನಗೆ ಹೊಳೆದಿರಲಿಲ್ಲ. ಆ ಮಾತು ಆಕೆಯ ಬಾಯಿಂದ, ಜ್ವರ ಎಷ್ಟು ದಿನದಿಂದ ಎಂದು ಕೇಳುವ ಹಾಗೆ ಬಂದ ಮೇಲೆ ನನ್ನ ನಾಲಿಗೆ ಸಡಿಲವಾಯಿತು. ಎರಡನೆಯದು ಎಂದೆ. ಯಾವಾಗಿನಿಂದ, ಒಮ್ಮೆಲೇ ಆಯಿತೇ ನಿಧಾನವಾಗಿ ಆಯಿತೇ, ಬೆಳಗ್ಗೆ ಏಳುವಾಗ ತಾನಾಗಿ ಗಟ್ಟಿಯಾಗುವುದುಂಟೇ, ಒಬ್ಬರೇ ಇದ್ದಾಗ ಆಗುತ್ತದೆಯೇ ಎಂದು ಆಕೆ ಒಂದೊಂದಾಗಿ ಕೇಳಿದರು. ಬೀಡಿ ಸಿಗರೇಟು, ಕುಡಿತ, ನಿದ್ದೆ, ನಡೆದರೆ ಎದೆನೋವು ಬರುತ್ತದೆಯೇ, ಬೇರೆ ಯಾವ ಔಷಧಿ ತಿನ್ನುತ್ತೀರಿ ಎಂಬುದನ್ನೂ ಬಿಡಲಿಲ್ಲ. ನಾನು ಪುಡಿಯ ವಿಷಯ ಹೇಳಿದೆ. ಅದರಲ್ಲಿ ಏನು ಬೆರೆಸಿದ್ದಾರೆ ಎಂದು ಕೊಟ್ಟವರು ಹೇಳುವುದಿಲ್ಲ, ಬಿಪಿ ಇರುವವರಿಗೆ ಅಪಾಯವೂ ಆಗಬಹುದು, ಉಳಿದದ್ದನ್ನು ಎಸೆದುಬಿಡಿ ಎಂದರು.

ಆಮೇಲೆ ಅದೇ ದನಿಯಲ್ಲಿ, ಹೆಂಡತಿಯನ್ನು ಬಿಟ್ಟು ಬೇರೆಯವರ ಜೊತೆ ಸಂಬಂಧ ಇದೆಯೇ, ಹೆಂಗಸರಾಗಲಿ ಗಂಡಸರಾಗಲಿ, ಇದ್ದರೆ ಕಾಂಡೋಮ್ ಬಳಸುತ್ತೀರಾ ಎಂದು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನನ್ನ ಮುಖ ನೋಡಿ ಆಕೆಗೆ ಗೊತ್ತಾಯಿತು.

"ಇದನ್ನ ಎಲ್ಲರಿಗೂ ಕೇಳ್ತೀನಿ ಸರ್. ಹೌದು ಅಂದ್ರೂ ನಾನು ಬೈಯಲ್ಲ. ಯಾವ ಪರೀಕ್ಷೆ ಬೇಕು ಅಂತ ಗೊತ್ತಾಗುತ್ತೆ, ಅಷ್ಟೆ. ಇಲ್ಲಿ ಹೇಳಿದ್ದು ಈ ಬಾಗಿಲು ದಾಟಲ್ಲ."

ನನ್ನ ಉತ್ತರ ಇಲ್ಲ ಎಂದಾಗಿತ್ತು. ಆದರೆ ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತು ಹೌದು ಎಂದವರಿಗೂ ಆಕೆ ಇದೇ ಮುಖದಿಂದ ಕೇಳಿಸಿಕೊಂಡಿರಬೇಕು ಎಂದು ಅನಿಸಿ, ಯಾಕೋ ಸಮಾಧಾನವಾಯಿತು. ಆ ಸಮಾಧಾನದಲ್ಲಿಯೇ, ಹುಡುಗನಾಗಿದ್ದಾಗಿನಿಂದ ಹೊತ್ತುಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. ಆಗ ಮಾಡಿಕೊಳ್ಳುತ್ತಿದ್ದ ಅಭ್ಯಾಸದಿಂದಲೇ ಈಗ ಹೀಗಾಗಿದೆಯೇ ಎಂದು.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಸ್ತಮೈಥುನ ತಾನೆ? ಅದರಿಂದ ಏನೂ ಆಗಲ್ಲ ಸರ್. ಹುಡುಗರೂ ಮಾಡ್ಕೋತಾರೆ, ಹುಡುಗೀರೂ ಮಾಡ್ಕೋತಾರೆ, ಮದುವೆ ಆದೋರೂ ಮಾಡ್ಕೋತಾರೆ. ಶಕ್ತಿ ಹೋಗಲ್ಲ, ನರ ಹೋಗಲ್ಲ, ರಕ್ತ ಹೋಗಲ್ಲ. ಇಷ್ಟು ವರ್ಷ ಇದನ್ನ ಯೋಚನೆ ಮಾಡ್ತಾ ಇದ್ರಾ?"

ಹೌದು ಎಂದು ತಲೆಯಾಡಿಸಿದೆ. ಆಕೆ ನಗಲಿಲ್ಲ. ಈ ಕುರ್ಚಿಯಲ್ಲಿ ಕೂತು ಅದನ್ನು ಕೇಳುವವರು ಬಹಳ ಜನ, ಕೆಲವರು ನಿಮಗಿಂತ ದೊಡ್ಡವರು ಎಂದರು. ನನಗೆ ಕಣ್ಣು ತುಂಬಿ ಬಂದದ್ದು ಆಕೆಗೆ ಕಾಣಿಸಿರಬಹುದು. ಕಾಣದವರ ಹಾಗೆ ಬಿಪಿ ನೋಡುವ ಪಟ್ಟಿಯನ್ನು ನನ್ನ ತೋಳಿಗೆ ಸುತ್ತತೊಡಗಿದರು.

ಪರೀಕ್ಷೆ ಮಾಡಿ ನೋಡಬೇಕು, ಗಂಡಸು ಡಾಕ್ಟರೇ ಬೇಕೆಂದರೆ ಒಬ್ಬರ ಹತ್ತಿರ ಕಳಿಸುತ್ತೇನೆ, ಸಂಕೋಚ ಬೇಡ ಎಂದರು. ನೀವೇ ನೋಡಿ ಮೇಡಂ ಎಂದು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಪರದೆಯ ಹಿಂದೆ ಅದು ಬೇಗ ಮುಗಿಯಿತು. ಬೀಜಗಳಲ್ಲಿ ಗಂಟು, ನೋವಿಲ್ಲದ ಊತ ಏನಾದರೂ ಇದೆಯೇ ಎಂದು ಸ್ನಾನ ಮಾಡುವಾಗ ಆಗಾಗ ನೀವೇ ಮುಟ್ಟಿ ನೋಡಿಕೊಳ್ಳಿ, ಬೇರೆಯಾಗಿ ಕಂಡರೆ ತಡಮಾಡದೆ ಬನ್ನಿ ಎಂದೂ ತಿಳಿಸಿದರು. ಅಂಥದ್ದೊಂದು ಇದೆ ಎಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ. ಆಮೇಲೆ ಕೂರಿಸಿಕೊಂಡು ವಿವರಿಸಿದರು. ಅಲ್ಲಿಗೆ ಹೋಗುವ ರಕ್ತನಾಳಗಳು ಸಣ್ಣವು, ಸಕ್ಕರೆ ಕಾಯಿಲೆಯೋ ಬಿಪಿಯೋ ಶುರುವಾಗಿದ್ದರೆ ಎಷ್ಟೋ ಗಂಡಸರಿಗೆ ಮೊದಲು ಸುಳಿವು ಸಿಗುವುದು ಅಲ್ಲಿಯೇ. ಅದಕ್ಕೇ ಹೋದ ಸಲ ಬರೆದುಕೊಟ್ಟ ರಕ್ತಪರೀಕ್ಷೆ ಈಗ ಬೇಕೇ ಬೇಕು ಎಂದರು. ಹೃದಯದ ಇಸಿಜಿಯನ್ನೂ ಸೇರಿಸಿ ಬರೆದರು.

ಸಕ್ಕರೆ ಇತ್ತು, ಸಾಕಷ್ಟು ಏರಿತ್ತು. ಹೃದಯ ಸರಿಯಾಗಿತ್ತು. ಆ ವರದಿ ನೋಡಿ ನನಗೆ ಸಂಕಟ ಆಗಬೇಕಿತ್ತು, ಆದದ್ದು ಸಂತೋಷ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ಗಂಡಸೇ ಅಲ್ಲ ಎಂದುಕೊಂಡಿದ್ದವನಿಗೆ, ನೀನು ಬರೀ ಸಕ್ಕರೆ ಕಾಯಿಲೆಯವನು ಎಂದರೆ ಅದು ಒಳ್ಳೆಯ ಸುದ್ದಿಯೇ. ಮಾತ್ರೆ ಶುರುವಾಯಿತು. ಅನ್ನ ಕಡಿಮೆಯಾಗಿ ಮುದ್ದೆ ಜಾಸ್ತಿಯಾಯಿತು. ಮುದ್ದೆಯನ್ನೂ ಲೆಕ್ಕವಿಲ್ಲದೆ ನುಂಗಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಇಬ್ಬರೂ ನಡೆಯತೊಡಗಿದೆವು. ಹಳದಿ ಕರಪತ್ರದ ಆಳು ಮತ್ತೆ ಬಂದಾಗ, ಅದನ್ನು ಇನ್ನು ಅಚ್ಚು ಹಾಕುವುದಿಲ್ಲ ಎಂದು ಹೇಳಿ ಕಳಿಸಿದೆ. ಅವನು ಬೇರೆ ಪ್ರೆಸ್ಸಿಗೆ ಹೋದ. ಹೆಂಡತಿ ಕಂಪ್ಯೂಟರಿನ ಹಿಂದಿನಿಂದ ಒಮ್ಮೆ ನನ್ನ ಕಡೆ ನೋಡಿ ಕೆಲಸ ಮುಂದುವರಿಸಿದಳು.

ಸಕ್ಕರೆ ಹತೋಟಿಗೆ ಬಂದ ಮೇಲೆ ಡಾಕ್ಟರು ಇದಕ್ಕೂ ಒಂದು ಮಾತ್ರೆ ಬರೆದುಕೊಡುತ್ತೇನೆ ಎಂದರು. ಅದಕ್ಕೆ ಮುಂಚೆ, ಮನೆಯವರು ಒಪ್ಪುವುದಾದರೆ ಒಂದು ಸಲ ಜೊತೆಯಲ್ಲಿ ಬನ್ನಿ ಎಂದರು. ನಾನು ಹಿಂಜರಿಯುತ್ತಾ ಕೇಳಿದರೆ ಹೆಂಡತಿ ಆಗಲೇ ಸೀರೆ ಆರಿಸುತ್ತಿದ್ದಳು.

ಅಲ್ಲಿ ಡಾಕ್ಟರು ನನ್ನನ್ನು ಬಿಟ್ಟು ಅವಳನ್ನು ಕೇಳಿದರು, ನಿಮಗೆ ಹೇಗಿದೆಯಮ್ಮ ಎಂದು. ಚೆನ್ನಾಗಿದೆ ಎಂದು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಚೀಲದ ಹಿಡಿ ತಿರುಗಿಸತೊಡಗಿದಳು.

"ನಂಗೆ ನೋವಾಗ್ತಿತ್ತು ಡಾಕ್ಟ್ರೇ," ಎಂದಳು. "ಮುಟ್ಟು ನಿಂತ್ಮೇಲೆ. ಒಣಗಿದ ಹಾಗೆ, ಉರಿ. ಇವ್ರಿಗೆ ಹೇಳ್ಲಿಲ್ಲ. ಆಮೇಲೆ ಇವ್ರೇ ಹತ್ರ ಬರೋದು ಬಿಟ್ರಲ್ಲ, ಒಂದ್ಕಡೆ ಬೇಜಾರು, ಒಂದ್ಕಡೆ ಸದ್ಯ ಅನ್ನಿಸ್ತಿತ್ತು. ಹಾಗನ್ನಿಸ್ತಲ್ಲಾ ಅಂತ ಮತ್ತೆ ಬೇಜಾರು."

ನಾನು ಅವಳ ಕಡೆ ತಿರುಗಿ ನೋಡಿದೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ನೋವು ಮೇಜಿನ ಆಚೆ ಕೂತ ಮೂರನೆಯವರು ಕೇಳಿದಾಗ ಹೊರಗೆ ಬಂತು. ಅವಳು ತಾರಸಿಯ ಮೇಲೆ ನನ್ನ ಕಷ್ಟ ಕೇಳಿದ್ದಳು, ನಾನು ಅವಳನ್ನು ಏನೂ ಕೇಳಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಡಾಕ್ಟರ ಮುಂದೆ ಹಾಗೆ ಮಾಡಿದ್ದಕ್ಕೆ ಅವಳು ನಾಚಿಕೊಂಡಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಇದೂ ಸಾಮಾನ್ಯ, ಇದಕ್ಕೂ ಔಷಧಿ ಇದೆ ಎಂದು ಡಾಕ್ಟರು ಅವಳಿಗೆ ಹಚ್ಚಿಕೊಳ್ಳುವ ಮುಲಾಮು ಮತ್ತು ಜೆಲ್ ಬರೆದುಕೊಟ್ಟರು. ಇಬ್ಬರಿಗೂ ಸೇರಿಸಿ ಇನ್ನೊಂದು ಮಾತು ಹೇಳಿದರು. ಸಂಭೋಗ ಎಂದರೆ ಒಳಗೆ ಸೇರುವುದೊಂದೇ ಅಲ್ಲ, ಮುಟ್ಟುವುದು, ತಬ್ಬಿ ಮಲಗುವುದು, ಕೈಯಿಂದ, ಬಾಯಿಂದ ಒಬ್ಬರಿಗೊಬ್ಬರು ಸುಖ ಕೊಡುವುದು, ಇಬ್ಬರಿಗೂ ಇಷ್ಟವಿದ್ದರೆ ಎಲ್ಲವೂ ಅದರಲ್ಲಿ ಸೇರುತ್ತದೆ. ಅದನ್ನು ಪರೀಕ್ಷೆ ಬರೆಯುವ ಹಾಗೆ ಮಾಡಬೇಡಿ, ಯಾರಿಗೆ ಏನು ಇಷ್ಟ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ ಎಂದರು. ನಾವಿಬ್ಬರೂ ಶಾಲೆಯ ಮಕ್ಕಳ ಹಾಗೆ ತಲೆತಗ್ಗಿಸಿ ಕೇಳಿದೆವು. ಹೊರಗೆ ಬಂದ ಮೇಲೆ ಸ್ಕೂಟರ್ ಹತ್ತುವಾಗ ಅವಳಿಗೆ ನಗು ಶುರುವಾಯಿತು. ಹೋಟೆಲಿಗೆ ಹೋಗಿ ಕೂತು, ಸೆಟ್ ದೋಸೆ ಬರುವವರೆಗೂ ನಗುತ್ತಲೇ ಇದ್ದಳು. ಅವಳನ್ನು ನೋಡಿ ನಾನೂ ನಕ್ಕೆ.

ಆಮೇಲಿನದ್ದನ್ನು ಹೆಚ್ಚು ಹೇಳುವುದಿಲ್ಲ. ಮಾತ್ರೆ ಕೆಲಸ ಮಾಡಿತು, ಕೆಲವು ಸಲ ಮಾಡಲಿಲ್ಲ. ಮಾಡದಿದ್ದ ದಿನ ನಾನು ಟಿವಿಯ ಮುಂದೆ ಹೋಗಿ ಕೂರಲಿಲ್ಲ. ಅವಳಿಗೆ ಬೆನ್ನು ಸವರಿದರೆ ಇಷ್ಟ ಎಂದು, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ತಿಳಿದುಕೊಂಡೆ. ಬೆಳಕು ಇದ್ದರೂ ಪರವಾಗಿಲ್ಲ ಎಂಬುದನ್ನೂ. ಮಗಳಿಲ್ಲದ ಮನೆಯಲ್ಲಿ ಭಾನುವಾರದ ಮಧ್ಯಾಹ್ನಗಳು ಚೆನ್ನಾಗಿ ಕಳೆಯುತ್ತವೆ.

ಮರುವರ್ಷ ಅಣ್ಣ ಮೊಮ್ಮಗಳ ನಾಮಕರಣದ ಕಾರ್ಡು ಮಾಡಿಸಲು ಪ್ರೆಸ್ಸಿಗೆ ಬಂದ. ಅರವತ್ತು ದಾಟಿದವನು, ಇವತ್ತಿಗೂ ಹೊಲದಲ್ಲಿ ಕೆಲಸ ಮಾಡುವ ಗಟ್ಟಿ ಆಳು. ಕಾರ್ಡಿನ ಮಾತು ಓದಿ ಹೇಳುವಷ್ಟರಲ್ಲಿ ಅವನು ಹಿತ್ತಲಿನ ಬಚ್ಚಲಿಗೆ ಮೇಲಿಂದ ಮೇಲೆ ಹೋಗಿ ಬಂದ. ಪ್ರತಿ ಸಲವೂ ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ಕೇಳಿದ್ದಕ್ಕೆ, "ವಯಸ್ಸಾದ್ಮೇಲೆ ಎಲ್ಲಾರ್ಗೂ ಇದ್ದದ್ದೇ, ಬುಡ್ಲಾ," ಎಂದು ಮಾತು ತಳ್ಳಿಹಾಕಿದ.

ಮೊದಲಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಹೆಂಡತಿ ಕಾಫಿ ಮಾಡಲು ಒಳಗೆ ಹೋದಾಗ ಅವನ ಪಕ್ಕದಲ್ಲಿ ಕೂತು ನನ್ನ ಕಥೆಯನ್ನೇ ಹೇಳಿದೆ. ಗ್ಯಾಸ್ಟ್ರಿಕ್ಕಿನಿಂದ ಹಿಡಿದು ಮಾತ್ರೆಯವರೆಗೆ, ಒಂದನ್ನೂ ಮುಚ್ಚಿಡಲಿಲ್ಲ. ಅಣ್ಣ ನೆಲ ನೋಡುತ್ತಾ ಕೇಳಿದ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನ ಮುಂದೆ ಆ ಮಾತುಗಳನ್ನಾಡುವುದು ಡಾಕ್ಟರ ಮುಂದೆ ಆಡಿದ್ದಕ್ಕಿಂತ ಕಷ್ಟವಾಯಿತು. ಮುಗಿದ ಮೇಲೆ ಅವನು ಕೇಳಿದ್ದು ಒಂದೇ.

"ಆ ಡಾಕ್ಟ್ರಮ್ಮ ಬೈಯಾಕಿಲ್ವಾ?"

ಬೈಯುವುದಿಲ್ಲ ಎಂದೆ. ಹಾಗಾದರೆ ಕರೆದುಕೊಂಡು ಹೋಗು ಎಂದ.

ಅವನಿಗೆ ಮೂತ್ರ ನಿಧಾನವಾಗಿ ತೊಟ್ಟಿಕ್ಕುತ್ತಿತ್ತು, ನಿದ್ದೆಯಿಂದ ಎದ್ದೆದ್ದು ಹೋಗಬೇಕಾಗುತ್ತಿತ್ತು, ಹೋದರೂ ಪೂರ್ತಿ ಆಗಲಿಲ್ಲ ಅನಿಸುತ್ತಿತ್ತು. ಡಾಕ್ಟರು ಕೇಳಿದ ಎಲ್ಲಕ್ಕೂ ಅಣ್ಣ ನನಗಿಂತ ಧೈರ್ಯವಾಗಿ, ಬಸ್ಸಿನ ಟೈಮು ಹೇಳುವ ಹಾಗೆ ಉತ್ತರ ಕೊಟ್ಟ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು ಎಂದು ಅವರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬರೆದು, ಮೂತ್ರಕೋಶದ ವೈದ್ಯರೊಬ್ಬರ ಹತ್ತಿರ ಕಳಿಸಿದರು. ಅಲ್ಲಿ ಗುದದಲ್ಲಿ ಬೆರಳು ಹಾಕಿ ಪರೀಕ್ಷೆ ಮಾಡಿದಾಗ ಅಣ್ಣ ಸ್ವಲ್ಪ ಗೊಣಗಿದ, ಅಷ್ಟೆ. ಎಲ್ಲ ನೋಡಿ, ಕ್ಯಾನ್ಸರ್ ಇರುವಂತೆ ಏನೂ ಕಾಣುತ್ತಿಲ್ಲ, ಗ್ರಂಥಿ ಮಾತ್ರ ದೊಡ್ಡದಾಗಿದೆ, ಮಾತ್ರೆಯಲ್ಲೇ ಹತೋಟಿಗೆ ಬರಬಹುದು ಎಂದರು. ವರದಿ ತೋರಿಸಲು ಮತ್ತೆ ಜಯಲಕ್ಷ್ಮಿಪುರಂಗೆ ಬಂದೆವು. ಡಾಕ್ಟರು ಎಲ್ಲ ವಿವರಿಸಿ, ಬೇರೆ ಏನಾದರೂ ಕೇಳುವುದಿದೆಯೇ ಎಂದರು. ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡ.

"ಈ ಮಾತ್ರೆ ತಗಂಡ್ರೆ ಅದುಕ್ಕೇನಾರ ತೊಂದ್ರೆ ಆಯ್ತದಾ ತಾಯಿ? ಮನೆಯೋಳ್ ಜೊತೆ ಮಲಗಕ್ಕೆ?"

ನಾನು ಅವನ ಕಡೆ ನೋಡಲಿಲ್ಲ. ಅಣ್ಣ ಅತ್ತಿಗೆಗೆ ಇನ್ನೂ ಅದೆಲ್ಲ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಕಷ್ಟಕ್ಕೆ ಅಷ್ಟೊಂದು ಮರುಗಿದ್ದ ನಾನು, ಅವನಿಗೆ ಅಂಥ ವಯಸ್ಸು ಮುಗಿದಿದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಡಾಕ್ಟರಿಗೆ ಮಾತ್ರ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಕೆಲವರಿಗೆ ವೀರ್ಯ ಹೊರಗೆ ಬರುವುದು ಕಡಿಮೆಯಾಗಬಹುದು, ಅದರಿಂದ ಅಪಾಯವಿಲ್ಲ, ಆದರೆ ಏಳುವಾಗ ತಲೆಸುತ್ತು ಬರಬಹುದು, ನಿಧಾನವಾಗಿ ಏಳಿ ಎಂದು ಹೇಳಿದರು. ಏನೇ ಬೇರೆಯಾಗಿ ಕಂಡರೂ ಬಂದು ಹೇಳಿ, ಮಾತ್ರೆ ಬದಲಾಯಿಸಬಹುದು ಎಂದರು. ಅಣ್ಣ ಕೈಮುಗಿದ.

ಊರಿಗೆ ನಾನೇ ಗೆಳೆಯನೊಬ್ಬನ ಕಾರಿನಲ್ಲಿ ಬಿಟ್ಟುಬರಲು ಹೋದೆ. ಹುಣಸೂರು ರಸ್ತೆಗೆ ಬಂದ ಮೇಲೆ ಅವನು ಅಪ್ಪನ ಮಾತು ತೆಗೆದ. ಅಪ್ಪ ಕೊನೆಯ ವರ್ಷಗಳಲ್ಲಿ ಯಾರ ಮನೆಗೂ ಹೋಗುತ್ತಿರಲಿಲ್ಲ, ಮದುವೆ ಮನೆಯಲ್ಲಿ ಕೂರುತ್ತಿರಲಿಲ್ಲ, ಬಸ್ಸು ಹತ್ತುತ್ತಿರಲಿಲ್ಲ. ಮುಂಗೋಪಿಯಾದ ಎಂದು ನಾವೆಲ್ಲ ಅಂದುಕೊಂಡಿದ್ದೆವು. "ಅಪ್ಪಂಗೂ ಇದೇ ಇತ್ತು ಅಂತ ಕಾಣ್ತದೆ ಕಣ್ಲಾ," ಎಂದ ಅಣ್ಣ. ಆಮೇಲೆ ಇಬ್ಬರೂ ಅಪ್ಪನ ವಿಷಯ ಬಹಳ ಮಾತಾಡಿದೆವು, ಅವನ ನಗು, ಅವನ ಎತ್ತುಗಳು, ಪೇಟೆಯಿಂದ ತರುತ್ತಿದ್ದ ಖಾರಾಬೂಂದಿ.

ಮನೆ ಮುಟ್ಟಿದಾಗ ಅತ್ತಿಗೆ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಏನಂದರು ಡಾಕ್ಟರು ಎಂದು ಕೇಳಿದರು. ಅಣ್ಣ ಎಂದಿನಂತೆ ಏನೂ ಇಲ್ಲ ಎನ್ನುತ್ತಾನೆ ಎಂದುಕೊಂಡೆ. ಅವನು ಚಪ್ಪಲಿ ಬಿಟ್ಟು, ಅವರ ಪಕ್ಕದಲ್ಲಿ ಕೂತು, ಗ್ರಂಥಿ ಎಲ್ಲಿರುತ್ತದೆ, ಅದು ದೊಡ್ಡದಾದರೆ ಏನಾಗುತ್ತದೆ, ಮಾತ್ರೆ ಏನು ಮಾಡುತ್ತದೆ ಎಂದು ಮೊದಲಿನಿಂದ ಹೇಳತೊಡಗಿದ. ಅತ್ತಿಗೆ ಹುಣಸೆಹಣ್ಣು ಪಕ್ಕಕ್ಕಿಟ್ಟು ಕೇಳಿಸಿಕೊಂಡರು. ಕೊನೆಯ ಪ್ರಶ್ನೆಯ ಹತ್ತಿರ ಬಂದಾಗ ಅವನು ದನಿ ತಗ್ಗಿಸಿದ. ನಾನು ಕಾಫಿಲೋಟ ಹಿಡಿದುಕೊಂಡು ಅಂಗಳಕ್ಕೆ ಇಳಿದು, ಹಸುವಿನ ಕೊರಳು ಸವರುತ್ತಾ ನಿಂತೆ. ಹಿಂದಿನಿಂದ ಅತ್ತಿಗೆ ನಗುವುದು ಕೇಳಿಸಿತು.